ಮೇಲ್ಪದರ ಹೊಲಿದವರು ಅಂಚನ್ನೂ ಕಟ್ಟಲಿ

ನಮಸ್ಕಾರ. ದಾನಕ್ಕೆಂದು ಕೌದಿ ಹೊಲಿಯುವ ಗುಂಪುಗಳ ಬಗ್ಗೆ ಇಂದು ಒಂದು ತಕರಾರನ್ನು ಎತ್ತುತ್ತಿದ್ದೇನೆ. ಇದು ಹೊರಗಿನವರ ತಕರಾರಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ವಾರಕ್ಕೊಮ್ಮೆ ಸೇರುವ ಅಂಥದ್ದೊಂದು ಗುಂಪಿನಲ್ಲಿ ನಾನೂ ಸೂಜಿ ಹಿಡಿದು ಕೂರುವವಳೇ. ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ ಮೇಲ್ಪದರ ಸಿದ್ಧಪಡಿಸಲು ನಮ್ಮಲ್ಲಿ ಕೈಗಳಿಗೆ ಬರವಿಲ್ಲ. ಆದರೆ ಅದಕ್ಕೆ ಒಳಪದರವನ್ನೂ ಅಡಿಯ ಅಸ್ತರನ್ನೂ ಕೂಡಿಸಿ, ಉದ್ದಗಲಕ್ಕೂ ಹೊಲಿದು, ಅಂಚು ಕಟ್ಟಿ, ಒಮ್ಮೆ ಒಗೆದು ಒಣಗಿಸಿ ಕೊಡುವ ಹೊತ್ತಿಗೆ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಹೀಗಾಗಿ ಮುಗಿದ ಕೌದಿಗಳಿಗಿಂತ ಮುಗಿಯದ ಮೇಲ್ಪದರಗಳೇ ಟ್ರಂಕಿನಲ್ಲಿ ಹೆಚ್ಚಾಗಿವೆ.

ಕಾರಣ ಸರಳವಾದದ್ದು. ಮೇಲ್ಪದರದಲ್ಲಿ ಬಣ್ಣದ ಆಯ್ಕೆಯ ಸಂತೋಷವಿದೆ, ವಾಟ್ಸಾಪ್‌ನಲ್ಲಿ ಹಾಕಲು ಒಳ್ಳೆಯ ಫೋಟೊ ಇದೆ, ಹೊಗಳಿಕೆಯೂ ಇದೆ. ಅಂಚುಪಟ್ಟಿಯ ಫೋಟೊವನ್ನು ಯಾರೂ ತೆಗೆಯುವುದಿಲ್ಲ.

ಈ ಕೌದಿಗಳು ಯಾರಿಗೆ ಹೋಗುತ್ತವೆ ಎಂಬುದನ್ನು ನೋಡೋಣ. ಕೆ.ಆರ್. ಆಸ್ಪತ್ರೆಗೋ ಚೆಲುವಾಂಬ ಆಸ್ಪತ್ರೆಗೋ ರೋಗಿಯನ್ನು ಕರೆತಂದು ವಾರ್ಡಿನ ಹೊರಗೆ ರಾತ್ರಿ ಕಳೆಯುವ ಹಳ್ಳಿಯವರಿದ್ದಾರೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿಯ ಕಡೆಯಿಂದ ಮಂಡ್ಯಕ್ಕೆ ಬಂದು, ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು, ಮಾಗಿಯ ಚಳಿಯನ್ನು ಮಕ್ಕಳೊಂದಿಗೆ ಅಲ್ಲೇ ಕಳೆಯುವ ಕೂಲಿ ಕುಟುಂಬಗಳಿವೆ. ಅವರ ಕೈಯಲ್ಲಿ ಕೌದಿ ನೆಲದ ಮೇಲೆ ಹಾಸಿಗೆಯಾಗುತ್ತದೆ, ಬಕೆಟ್ಟಿನಲ್ಲಿ ನೆನೆಯುತ್ತದೆ, ಕಲ್ಲಿನ ಮೇಲೆ ಕುಕ್ಕಿಸಿಕೊಳ್ಳುತ್ತದೆ, ಇಬ್ಬರು ಎರಡು ತುದಿ ಹಿಡಿದು ಹಿಂಡುವಾಗ ತನ್ನ ಭಾರವನ್ನೆಲ್ಲ ಮೂಲೆಗಳ ಮೇಲೆ ಹೊರುತ್ತದೆ. ಮೊದಲು ಬಿಚ್ಚಿಕೊಳ್ಳುವುದು ಅಂಚು, ಅದರಲ್ಲೂ ಮೂಲೆ.

ಮೂಲೆಯ ಕೆಲಸಕ್ಕೆ ತಾಳ್ಮೆ ಬೇಕು. ಎರಡೂವರೆ ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಇಸ್ತ್ರಿ ಹಾಕಿ, ಕೌದಿಯ ಅಂಚಿಗೆ ಸೇರಿಸಿ ಹೊಲಿಯುತ್ತ ಬಂದವರು ಮೂಲೆಗೆ ಕಾಲು ಇಂಚು ಇರುವಾಗಲೇ ನಿಲ್ಲಿಸಬೇಕು. ಅಲ್ಲಿ ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಮತ್ತೆ ಕೆಳಗೆ ತಂದು, ಹೊಸ ಬದಿಯ ಹೊಲಿಗೆಯನ್ನು ಆರಂಭಿಸಬೇಕು. ಆಗ ಮೂಲೆಯಲ್ಲಿ ಬಟ್ಟೆ ಒತ್ತಾಗಿ ಕೂತು, ಹಿಂಡಿದರೂ ಜಗ್ಗುವುದಿಲ್ಲ. ಅವಸರದವರು ಪಟ್ಟಿಯನ್ನು ಅಲ್ಲೇ ಕತ್ತರಿಸಿ, ತುದಿಯನ್ನು ಒಳಗೆ ತುರುಕಿ, ಎರಡು ಹೊಲಿಗೆ ಹಾಕಿ ಮುಗಿಸುತ್ತಾರೆ. ನೋಡಲು ಎರಡೂ ಒಂದೇ. ಒಗೆದ ಮೇಲೆ ವ್ಯತ್ಯಾಸ ತಿಳಿಯುತ್ತದೆ.

ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದಲೇ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫುಲ’ ಕೂರಿಸದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆಯೇ. ನಾವು ಕೊನೆಗೆಂದು ತಳ್ಳಿಬಿಡುವ ಭಾಗದಿಂದ ಅವರ ಕೆಲಸ ಶುರುವಾಗುತ್ತದೆ. ಅವರು ಒಳಗೆ ಹತ್ತಿ ತುಂಬುವುದಿಲ್ಲ. ಹಳೆಯ ಬಟ್ಟೆಯ ಪದರಗಳನ್ನೇ ಹಾಕುತ್ತಾರೆ. ನಮಗೂ ಅದೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಿಡಿ ಹತ್ತಿ ಹಾಕಿ ಸಾಲುಗಳನ್ನು ದೂರದೂರ ಹೊಲಿದರೆ, ಕೆಲವೇ ಒಗೆತಕ್ಕೆ ಹತ್ತಿಯೆಲ್ಲ ಗಂಟುಗಂಟಾಗಿ ಒಂದು ಕಡೆ ಸೇರಿಬಿಡುತ್ತದೆ.

ಬಟ್ಟೆಯ ವಿಷಯದಲ್ಲೂ ಕಟ್ಟುನಿಟ್ಟು ಬೇಕು. ಸವೆದು ಮೃದುವಾದ ಹತ್ತಿ ಸೀರೆಯಷ್ಟು ಒಳ್ಳೆಯ ಪದರ ಬೇರೊಂದಿಲ್ಲ. ಹೊಸ ಹತ್ತಿ ಬಟ್ಟೆಯನ್ನು ಒಗೆಯದೆ ಸೇರಿಸಿದರೆ ಅದು ಆಮೇಲೆ ಕುಗ್ಗಿ, ಪಕ್ಕದ ತುಂಡನ್ನೂ ಎಳೆದು ಸುಕ್ಕಾಗಿಸುತ್ತದೆ. ನೈಲಾನ್ ಬೆವರು ಹೀರುವುದಿಲ್ಲ, ಒಲೆಯ ಪಕ್ಕ ಮಲಗುವವರಿಗಂತೂ ಅಪಾಯ. ಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡೇ ಬಳಸಬೇಕು. ಕೆಲವರು ಮೈಸೂರು ರೇಷ್ಮೆಯ ಹಳೆಯ ಸೆರಗನ್ನು ಪ್ರೀತಿಯಿಂದ ತಂದುಕೊಡುತ್ತಾರೆ. ಕಲ್ಲಿನ ಮೇಲೆ ಒಗೆಯುವ ವಸ್ತುವಿಗೆ ಅದು ಬೇಡ, ಆ ಉದಾರತೆ ಬೀರುವಿನಲ್ಲೇ ಇರಲಿ.

ಪುಕ್ಕಟೆ ಕೊಡುವುದಕ್ಕೆ ಇಷ್ಟೆಲ್ಲ ನಿಯಮಗಳೇಕೆ ಎಂದು ಕೇಳುವವರಿದ್ದಾರೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂಬ ಮಾತು ಪಡೆಯುವವರಿಗೆ ಹೇಳಿದ್ದು. ಕೊಡುವವರು ಅದರ ಮರೆಯಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಮಾತು ಮಾತ್ರ ನ್ಯಾಯವಾದದ್ದು: ನಮ್ಮಲ್ಲಿ ಹೆಚ್ಚಿನವರು ವಯಸ್ಸಾದವರು, ಮೂರು ಪದರದ ಕೌದಿಯನ್ನು ಮಂಡಿಯ ಮೇಲೆ ಹೊತ್ತು ಹೊಲಿಯುವುದು ಅವರಿಗೆ ನಿಜಕ್ಕೂ ಕಷ್ಟ. ಅದಕ್ಕೆ ಉಪಾಯವಿದೆ. ಗುಂಪಿನ ಹಣದಲ್ಲಿ ಬಡಾವಣೆಯ ಟೈಲರ್ ಒಬ್ಬರಿಗೆ ಕೂಲಿ ಕೊಟ್ಟು ಯಂತ್ರದಲ್ಲಿ ಹೊಲಿಸಬಹುದು. ಕೂಲಿ ಕೊಟ್ಟರೆ ಸೇವೆಯ ಭಾವ ಕೆಡುತ್ತದೆ ಎನ್ನುವ ವಾದ ಸಭೆಯಲ್ಲಿ ಕೇಳಿಬರುತ್ತದೆ; ಟ್ರಂಕಿನಲ್ಲಿ ಕೊಳೆಯುವ ಮೇಲ್ಪದರದಿಂದ ಯಾವ ಸೇವೆ ನಡೆದಿದೆಯೋ ತಿಳಿಯದು.

ನನ್ನ ಸಲಹೆ ಇಷ್ಟೇ. ದೀಪಾವಳಿ ಕಳೆದು ಚಳಿ ಹಿಡಿಯುವುದರೊಳಗೆ ಟ್ರಂಕು ಖಾಲಿಯಾಗಬೇಕು. ಅಲ್ಲಿಯವರೆಗೆ ಯಾರೂ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು. ಆಮೇಲೆ ಮೇಲ್ಪದರ ತರುವವರು, ನಾಲ್ಕೂ ಕಡೆ ಎರಡೆರಡು ಇಂಚು ಹೆಚ್ಚಿರುವ ಅಸ್ತರನ್ನೂ ಅಳತೆಗೆ ಸಾಲುವಷ್ಟು ಅಂಚುಪಟ್ಟಿಯನ್ನೂ ಜೊತೆಯಲ್ಲೇ ತರಬೇಕು. ತಾರದಿದ್ದರೆ, ಹೊಲಿದವರು ಗುಂಪಿನ ಎಷ್ಟೇ ಹಿರಿಯರಾಗಿರಲಿ, ಅದನ್ನು ವಿನಯದಿಂದ ಹಿಂದಿರುಗಿಸಬೇಕು.