ಪುಡಿ ಬೇಡ, ಗಾಳಿ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಮನೇಲಿ ರೀಫ್ ಟ್ಯಾಂಕ್, ಅಂದ್ರೆ ಹವಳ ಸಾಕೋ ಉಪ್ಪುನೀರಿನ ತೊಟ್ಟಿ, ಇಟ್ಕೊಂಡು, ಬೆಳಿಗ್ಗೆ ಎದ್ದು ಪಿಎಚ್ ಮೀಟರ್ ನೋಡಿ ಅಯ್ಯೋ 7.8ಕ್ಕೆ ಇಳಿದೋಯ್ತಲ್ಲ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತೀರಲ್ಲ, ನಿಮಗೇ ಇವತ್ತಿನ ಮಾತು. ಟೈಮ್ ಕಮ್ಮಿ ಕೊಟ್ಟಿದ್ದಾರೆ, ಅದಕ್ಕೆ ಮೊದಲೇ ಹೇಳ್ಬಿಡ್ತೀನಿ: ಪಿಎಚ್ ಏರಿಸೋಕೆ ಹಾಕೋ ಬಫರ್ ಪುಡಿ ಡಬ್ಬಿ ಕೆಳಗಿಡಿ, ಕಿಟಕಿ ತೆಗೀರಿ.

ಪಿಎಚ್ ಅಂದ್ರೆ ನೀರಿನ ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ; ಸಮುದ್ರದ ನೀರಲ್ಲಿ ಅದು ಸುಮಾರು 8.1. ಟ್ಯಾಂಕಲ್ಲಿ ಅದನ್ನ ಇಳಿಸೋದು ಕಾರ್ಬನ್ ಡೈಆಕ್ಸೈಡ್, ನೀರಲ್ಲಿ ಕರಗಿ ಆಮ್ಲ ಆಗುತ್ತೆ ಅಷ್ಟೇ. ಹೊರಗಿನ ಗಾಳೀಲಿ ಆ ಗ್ಯಾಸ್ ಸುಮಾರು 420 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 420 ಭಾಗ, ಇರುತ್ತೆ, ಬಾಗಿಲು ಕಿಟಕಿ ಜಡಿದು ಮನೆಮಂದಿಯೆಲ್ಲ ಮಲಗಿರೋ ರೂಮಲ್ಲಿ 1000 ದಾಟೋದು ಏನೂ ದೊಡ್ಡ ವಿಷಯ ಅಲ್ಲ. ರಾತ್ರಿ ಲೈಟ್ ಆರಿದ್ಮೇಲೆ ಪಾಚಿಗಳೂ ಅದನ್ನ ಹೀರ್ಕೊಳ್ಳಲ್ಲ, ಎಲ್ಲಾ ಸೇರಿ ಬಿಡ್ತಾನೇ ಇರ್ತವೆ, ಅದಕ್ಕೇ ಬೆಳಗಿನ ಜಾವ ಪಿಎಚ್ ತಳ ಮುಟ್ಟೋದು.

ನನ್ನ ಗೆಳೆಯರೊಬ್ಬರಿದ್ದಾರೆ, ಹಗಲೂ ರಾತ್ರಿ ಎಸಿ ಓಡೋ ರೂಮಲ್ಲಿ ಟ್ಯಾಂಕ್. ಪಿಎಚ್ ಇಳಿದಾಗೆಲ್ಲ ಪುಡಿ ಹಾಕೋರು, ಸ್ವಲ್ಪ ಹೊತ್ತು ಏರೋದು, ಮಾರನೇ ಬೆಳಿಗ್ಗೆ ಮತ್ತೆ ಅಲ್ಲೇ ಬಂದು ಕೂರೋದು, ಅವರು ಮತ್ತೆ ಹಾಕೋರು. ನೀರಿನ ಆಲ್ಕಲಿನಿಟಿ, ಅಂದ್ರೆ ಆಮ್ಲ ತಡ್ಕೊಳ್ಳೋ ಶಕ್ತಿ, ಅದರ ಅಳತೆಯಲ್ಲಿ 8ರಿಂದ 12 ಡಿಕೆಎಚ್‌ಗೆ ಹೋಗಿ ಅಕ್ರೊಪೋರಾ ಅನ್ನೋ ಹವಳದ ತುದಿಗಳು ಸುಟ್ಟು ಬೆಳ್ಳಗಾಗಿದ್ವು, ಪಂಪ್ ಮೇಲೆ ಸುಣ್ಣ ಗಟ್ಟಿಯಾಗಿ ಕೂತಿತ್ತು, ಉಗುರಲ್ಲಿ ಕೆರೆದ್ರೂ ಬರ್ತಿರ್ಲಿಲ್ಲ. ನಾನು ಹೋಗಿ ಅದೇ ಟ್ಯಾಂಕಿನ ನೀರು ಎರಡು ಲೋಟದಲ್ಲಿ ತಗೊಂಡು, ಎರಡಕ್ಕೂ ಗಾಳಿ ಗುಳ್ಳೆ ಬಿಡೋ ಏರ್‌ಸ್ಟೋನ್ ಹಾಕಿ, ಒಂದನ್ನ ಬಾಲ್ಕನೀಲಿಟ್ಟೆ, ಒಂದನ್ನ ರೂಮಲ್ಲೇ ಬಿಟ್ಟೆ. ಒಂದು ಗಂಟೆ ಆದ್ಮೇಲೆ ನೋಡಿದ್ರೆ ಬಾಲ್ಕನಿ ಲೋಟ 8.2, ರೂಮಿನ ಲೋಟ 7.8 ಬಿಟ್ಟು ಅಲ್ಲಾಡಿಲ್ಲ. ಚಿಟಿಕೆ ಪುಡಿ ಹಾಕಿಲ್ಲ ಸ್ವಾಮಿ! ಅವರು ಮೀಟರೇ ಕೆಟ್ಟಿರ್ಬೇಕು ಅಂದ್ರು. ಸರಿ ಅಂತ 7 ಮತ್ತು 10ರ ದ್ರಾವಣದಲ್ಲಿ ಕ್ಯಾಲಿಬ್ರೇಟ್ ಮಾಡಿ ಮತ್ತೆ ಅದ್ದಿದ್ವಿ, ಅದೇ ನಂಬರ್. ಆಮೇಲೆ ಸ್ಕಿಮ್ಮರ್, ಅಂದ್ರೆ ಗಾಳಿ ಗುಳ್ಳೆ ಬಿಟ್ಟು ನೀರಿನ ಕೊಳೆ ತೆಗೆಯೋ ಯಂತ್ರ, ಗಾಳಿ ಎಳ್ಕೊಳ್ಳೋ ಪೈಪನ್ನ ಕಿಟಕಿಯಿಂದ ಹೊರಗೆ ಬಿಟ್ಟು, ತುದಿಗೆ ಹುಳ ಹೋಗದ ಹಾಗೆ ಜಾಲರಿ ಕಟ್ಟಿದ್ವಿ. ಆ ವಾರದಿಂದ ಬೆಳಿಗ್ಗೆನೂ 8ರ ಕೆಳಗೆ ಬಂದಿಲ್ಲ. ಈಗಲೂ ಆಗಾಗ ಯಾವ ಬಫರ್ ಒಳ್ಳೇದು ಅಂತ ಕೇಳ್ತಾರೆ, ನಾನು ಉತ್ತರ ಕೊಡಲ್ಲ.

ಇಲ್ಲಿ ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ, ಬೇಗ ಹೇಳ್ತೀನಿ. ಕಿಟಕಿ ತೆಗೆಯೋಕೆ ಆಗದೇ ಇದ್ರೆ ಸ್ಕಿಮ್ಮರ್ ಪೈಪಿಗೆ ಕಾರ್ಬನ್ ಡೈಆಕ್ಸೈಡ್ ಹೀರ್ಕೊಳ್ಳೋ ಸೋಡಾ ಲೈಮ್ ತುಂಬಿದ ಸ್ಕ್ರಬ್ಬರ್ ಡಬ್ಬಿ ಹಾಕಿ, ಬಣ್ಣ ತಿರುಗಿದ ಮೇಲೆ ಬದಲಾಯಿಸಿ. ರೆಫ್ಯೂಜಿಯಂನಲ್ಲಿ, ಅಂದ್ರೆ ಪಾಚಿ ಬೆಳೆಸೋ ಪಕ್ಕದ ತೊಟ್ಟೀಲಿ, ಕೀಟೊ ಪಾಚಿ ಇದ್ರೆ ಅದರ ಲೈಟ್ ರಾತ್ರಿ ಉರೀಲಿ. ನೀರಿನ ಮೇಲ್ಮೈ ಚೆನ್ನಾಗಿ ಕದಡ್ತಾ ಇರ್ಲಿ. ಹೊರಗೆ ಪೇಂಟ್ ಹೊಡೀತಿದ್ರೆ, ಸೊಳ್ಳೆಗೆ ಹೊಗೆ ಬಿಡ್ತಿದ್ರೆ ಆವತ್ತು ಮಾತ್ರ ಪೈಪ್ ಒಳಗೆ ಎಳ್ಕೊಳಿ. ನಮಸ್ಕಾರ.