ಕೆಲಸ ಮುಗೀತು, ಕುದ್ರಿ ಕಾಯಾಕತ್ತೈತಿ

ನಮಸ್ಕಾರ್ರಿ. ರಾತ್ರಿ ಪಾಳಿ ಮುಗಿಸಿ ಈಗ ಬಂದೀನಿ, ಚಾ ಕುಡದು ಸೀದಾ ಮೈಕ್ ಮುಂದ ಕುಂತೀನಿ. ಧ್ವನಿ ಸ್ವಲ್ಪ ಬಿದ್ದೈತಿ, ಸಂಭಾಳಿಸ್ಕೋರಿ. ಹೊಸಬ್ರಿಗೆ ಹೇಳ್ತೀನಿ: ನಾ ರಾಯಬಾಗ ತಾಲೂಕಿನಾಂವ. ಕಬ್ಬಿನ ಹಂಗಾಮಿನ್ಯಾಗ ಸಕ್ರಿ ಫ್ಯಾಕ್ಟರಿ ಕಾಟಾದ ಮ್ಯಾಲೆ ನನ್ನ ಡ್ಯೂಟಿ. ಟ್ರ್ಯಾಕ್ಟರ್ ಬರ್ತೈತಿ, ತೂಕ ಮಾಡ್ತೀನಿ, ಚೀಟಿ ಹರದು ಕೊಡ್ತೀನಿ, ಮತ್ತ ಮುಂದಿನ ಟ್ರ್ಯಾಕ್ಟರ್. ಬೆಳತನ ಇದ. ಪಾಳಿ ಮುಗ್ಯೂದರಾಗ ಅಮೆರಿಕಾದಾಗ ಆಟ ಶುರು ಆಗಿರ್ತೈತಿ. ಗೇಟಿನ ಹೊರಗ ಬೈಕ್ ನಿಲ್ಲಿಸಿ ಮೊಬೈಲ್ ತಗದ್ರ ಅಲ್ಲಿಂದ ನಂದು ದಿನ.

ಇವತ್ತಿನ ಮಾತು ನಿಕೊಲಾ ಯೋಕಿಚ್ ಬಗ್ಗೆ. ಅಮೆರಿಕಾದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಾಗ ಆಡೂ ಡೆನ್ವರ್ ನಗೆಟ್ಸ್ ತಂಡದ ಸೆಂಟರ್, ಅಂದ್ರ ಬುಟ್ಟಿ ಹಂತೇಕ ಆಡೂ ಎತ್ತರದ ಆಟಗಾರ. ಸರ್ಬಿಯಾ ದೇಶದಾಂವ. ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಒಬ್ಬಾಂವ ಬರದಿದ್ದ, "ಇವಗ ಆಟದ ಮ್ಯಾಲೆ ಪ್ರೀತಿನ ಇಲ್ಲ, ಬರೇ ರೊಕ್ಕಕ್ಕ ಆಡ್ತಾನ" ಅಂತ. ನನಗ ಪಿತ್ತ ನೆತ್ತಿಗೇರಿತು. ಅದಕ್ಕ ಈ ಎಪಿಸೋಡು.

2023ರ ಜೂನ್ 13, ಮಂಗಳವಾರ, ಮುಂಜಾನಿ. ಅಲ್ಲಿ ಅವರಿಗೆ ಇನ್ನೂ ಸೋಮವಾರ ರಾತ್ರಿ. ನಮ್ಮಲ್ಲಿ ಕಾರಹುಣ್ಣಿಮಿ ಆಗಿ ವಾರದ ಮ್ಯಾಲೆ ಆಗಿತ್ತು, ಎತ್ತಿನ ಕೋಡಿಗೆ ಹಚ್ಚಿದ್ದ ಬಣ್ಣ ಇನ್ನೂ ಪೂರಾ ಹೋಗಿರಲಿಲ್ಲ. ನಮ್ಮ ಕಾಕಾ ಅಂಗಳದಾಗ ಎತ್ತಿನ ಮೈ ತೊಳ್ಯಾಕತ್ತಿದ್ದ. ನಾ ಕಟ್ಟಿ ಮ್ಯಾಲೆ ಕುಂತು ಫೈನಲ್ಸಿನ ಐದನೇ ಆಟ ನೋಡಾಕತ್ತಿದ್ದೆ. ಡೆನ್ವರ್ 94, ಮಿಯಾಮಿ ಹೀಟ್ 89. ಮುಗೀತು. 1976ರಾಗ ಎನ್‌ಬಿಎ ಸೇರಿದ ತಂಡ, ಮೊದಲನೇ ಸಲ ಕಪ್ ಗೆದ್ದಿತ್ತು. ಮ್ಯಾಲಿಂದ ಬಣ್ಣದ ಕಾಗದ ಸುರಿತಿದ್ವು, ಮಂದಿ ಅಳಾಕತ್ತಿದ್ರು, ಒಬ್ರನ್ನೊಬ್ರು ಎತ್ತಿ ಕುಣಿಯಾಕತ್ತಿದ್ರು. ಯೋಕಿಚ್ ಮಾತ್ರ ಸೋತವರ ಕೈ ಕುಲುಕ್ಕೋತ ಅಡ್ಡಾಡಾಕತ್ತಿದ್ದ. ಆಮ್ಯಾಲೆ ಮೈಕ್ ಮುಂದ ಬಂದು ಹೇಳಿದ್ದು ಇಷ್ಟ: ಕೆಲಸ ಮುಗೀತು, ಇನ್ನ ಮನಿಗೆ ಹೋಗಬಹುದು.

ಅಲ್ಲಿಗೂ ಮುಗೀಲಿಲ್ಲ. ವಿಜಯದ ಮೆರವಣಿಗಿ ಯಾವತ್ತು ಅಂತ ಅವನ ಕೇಳಿದ. ಗುರುವಾರ ಅಂದ್ರು. ಅವನ ಮಾರಿ ನೋಡಬೇಕಿತ್ತು ನೀವು. ಸುಗ್ಗಿ ನಡ್ದಾಗ ಯಾರೋ ಮದವಿ ಕರಿಯಾಕ ಬಂದ್ರ ರೈತನ ಮಾರಿ ಹೆಂಗ ಆಗತೈತಿ, ಹಂಗ ಆತು. ಯಾಕಂದ್ರ ಆ ಭಾನುವಾರ ಅವರ ಊರು ಸೊಂಬೋರಿನ್ಯಾಗ ಕುದ್ರಿ ಶರ್ಯತ್ತು ಇತ್ತು. ಅವನ ಕುದ್ರಿ ಓಡೂದಿತ್ತು.

ಸೊಂಬೋರ್ ಅಂದ್ರ ಸರ್ಬಿಯಾದ ಉತ್ತರಕ್ಕ ಇರೂ ಸಣ್ಣ ಊರು. ಇಂವ ಹುಟ್ಟಿದ್ದು 1995ರ ಫೆಬ್ರವರಿ 19ಕ್ಕ. ಎರಡು ಕೋಲಿಯ ಮನಿ, ಅದರಾಗ ಅವ್ವ, ಅಪ್ಪ, ಅಜ್ಜಿ, ಇಬ್ರು ಅಣ್ಣಂದ್ರು, ಇಂವ. ಮೂರೂ ಹುಡುಗ್ರು ಆನಿ ಮರಿ ಹಂಗ. ಇಂವ ಅಂತೂ ದುಂಡಗ. ದಿನಕ್ಕ 3 ಲೀಟರ್ ಕೋಕಾಕೋಲಾ ಕುಡಿತಿದ್ದೆ ಅಂತ ತಾನ ಹೇಳ್ಯಾನ. ಅಮೆರಿಕಾಕ್ಕ ಹೋಗೂ ವಿಮಾನದಾಗ ಕಡೇದ್ದು ಕುಡದು ಬಿಟ್ಟಾನಂತ. ಹುಡುಗಾಗಿದ್ದಾಗ ಕುದ್ರಿ ಲಾಯದಾಗ ಕೆಲಸ ಮಾಡ್ಕೊಂಡು ಇರಬೇಕನ್ನೂದು ಅವನ ಆಸೆ. ಎನ್‌ಬಿಎ ಅಲ್ಲ. ಕುದ್ರಿಗೆ ನೀರು ತೋರ್ಸೂದು, ಮೈ ತಿಕ್ಕೂದು.

ಇಲ್ಲೆ ಒಂದ ನಿಮಿಷ ನಿಲ್ಲೂಣು, ಯಾಕಂದ್ರ ಈ ಕುದ್ರಿ ಶರ್ಯತ್ತು ತಿಳೀಲಿಲ್ಲಂದ್ರ ಯೋಕಿಚ್ ತಿಳ್ಯೂದಿಲ್ಲ. ನಮ್ಮ ಕಡೆ ಜಾತ್ರ್ಯಾಗ ಒಂದ ಕುದ್ರಿ, ಒಂದ ಎತ್ತು ಕೂಡಿ ಗಾಡಿ ಓಡಸ್ತಾರಲ್ಲ, ರಾಯಬಾಗ, ಅಥಣಿ, ಚಿಕ್ಕೋಡಿ ಮಂದಿಗೆ ನಾ ಹೇಳೂದ ಬ್ಯಾಡ. ಅವರದೂ ಗಾಡಿನ. ಎರಡ ಗಾಲಿ, ಹಗರಂದು, ಹಿಂದ ಒಬ್ಬಾಂವ ಕಾಲು ಚಾಚಿ ಕುಂಡ್ರೂವಷ್ಟ ಜಾಗ. ಆದ್ರ ನಮ್ಮಲ್ಲಿ ಹೊಡದು ಓಡಿಸಿದ್ರ ಆತು, ಅಲ್ಲಿ ಹಂಗಿಲ್ಲ. ಕುದ್ರಿ ದುಡುಕಿ ಓಟದಾಗ ಓಡಬೇಕು, ನಾಲ್ಕೂ ಕಾಲು ಎತ್ತಿ ಜಿಗದು ನಾಗಾಲೋಟಕ್ಕ ಬೀಳಬಾರ್ದು. ಬಿದ್ರ ಹಗ್ಗ ಜಗ್ಗಿ ಮತ್ತ ಹಳೇ ಹೆಜ್ಜಿಗೆ ತರಬೇಕು. ತರದ ಹಂಗ ಓಡಿದ್ರ ಪೈಪೋಟಿಯಿಂದನ ಹೊರಗ. ಅಂದ್ರ ಅಲ್ಲಿ ಗೆಲ್ಲೂದು ಜೋರಾಗಿ ಓಡೂ ಕುದ್ರಿ ಅಲ್ಲ, ಜೋರಿನ್ಯಾಗೂ ಹೆಜ್ಜಿ ಕೆಡಿಸ್ಕೊಳ್ಳದ ಕುದ್ರಿ.

ಈಗ ಯೋಕಿಚ್ ಆಟ ನೆನಸ್ಕೋರಿ. 6 ಅಡಿ 11 ಇಂಚು ಎತ್ತರ. ಜಿಗ್ಯೂದಿಲ್ಲ. ನೆಲಾ ಬಿಡಾಕ ಅವಗ ಮನಸ್ಸ ಇಲ್ಲ. ಓಡೂದಂತೂ, ನಮ್ಮ ಊರಾಗ ಬಸ್ ತಪ್ಪಿದ ಮಾಸ್ತರ ಇದಕ್ಕಿಂತ ಲಗೂನ ಓಡ್ತಾರ. ಆದ್ರ ಚೆಂಡು ಕೈಗೆ ಬಂತಂದ್ರ ಬೆನ್ನ ಹಿಂದ ಯಾರು ಹೊಂಟಾರ, ಮೂಲ್ಯಾಗ ಯಾರು ನಿಂತಾರ, ಎಲ್ಲಾ ಗೊತ್ತ. ತಲಿ ಮ್ಯಾಲೆ ಒಂದ ಕೈಲೆ ಚೆಂಡು ಒಗಿತಾನ, ಅಂಗಳದಾಗಿಂದ ಮಾಳಗಿ ಮ್ಯಾಲೆ ಟಾವೆಲ್ ಒಗದಂಗ. ಅದು ಹೋಗಿ ಗೆಳ್ಯಾನ ಕೈಯಾಗ ಬೀಳ್ತೈತಿ. ಬಲಗಾಲ ಮ್ಯಾಲೆ ತೂಕ ಹಾಕಿ ಹಿಂದಕ್ಕ ವಾಲಿ ಹೊಡಿಯೂ ಒಂದ ಹೊಡ್ತ ಐತಿ, ಅದಕ್ಕ ಸೊಂಬೋರ್ ಶಫಲ್ ಅಂತ ಅವನ ಊರ ಹೆಸರ ಇಟ್ಟಾರ. ಅದನ್ನ ನೋಡಿದ್ರ ಎಡವಿ ಬಿದ್ದನೇನೋ ಅನಸ್ತೈತಿ. ಚೆಂಡು ಒಳಗ. ನನ್ನ ಕೇಳಿದ್ರ, ಇಂವ ಬಾಸ್ಕೆಟ್‌ಬಾಲ್ ಕಲ್ತದ್ದು ಕುದ್ರಿ ನೋಡಿ. ಇದು ನನ್ನ ತರ್ಕ, ಅಂವ ಎಲ್ಲೂ ಹೇಳಿಲ್ಲ.

ಮುಂದಿಂದು ಭರಭರ ಹೇಳಿಬಿಡ್ತೀನಿ. ಬೆಲ್‌ಗ್ರೇಡಿನ ಮೆಗಾ ಕ್ಲಬ್ಬಿನ್ಯಾಗ ದೆಯಾನ್ ಮಿಲೊಯೆವಿಚ್ ಅನ್ನೂ ಕೋಚ್ ಕೈಯಾಗ ಬೆಳದ. 2014ರಾಗ ಎನ್‌ಬಿಎ ತಂಡಗೋಳು ಹೊಸ ಹುಡುಗ್ರನ್ನ ಆರಿಸೂ ಡ್ರಾಫ್ಟ್. 60 ಮಂದ್ಯಾಗ ಇವನ ನಂಬರ್ 41. ಇವನ ಹೆಸರು ಬಂದಾಗ ಟಿವ್ಯಾಗ ಟ್ಯಾಕೊ ಬೆಲ್ ಜಾಹೀರಾತು ಹೊಂಟಿತ್ತು, ಹೆಸರು ಕೆಳಗ ಪಟ್ಟಿಯೊಳಗ ಬಂದು ಹೋತು. ಯೋಕಿಚ್ ಸರ್ಬಿಯಾದಾಗ ನಿದ್ದಿ ಹೊಡ್ಯಾಕತ್ತಿದ್ದ. 2015ರಾಗ ಡೆನ್ವರಿಗೆ ಬಂದ. 2021, 2022, 2024, ಮೂರು ಸಲ ಎಂವಿಪಿ, ಅಂದ್ರ ಆ ವರ್ಷದ ಶ್ರೇಷ್ಠ ಆಟಗಾರ. ಅಷ್ಟು ಕೆಳಗಿನ ನಂಬರಿನಿಂದ ಬಂದು ಎಂವಿಪಿ ಆದಾಂವ ಮತ್ತೊಬ್ಬ ಇಲ್ಲ. 2023ರ ಪ್ಲೇಆಫಿನ್ಯಾಗ, ಅಂದ್ರ ಕಪ್ಪಿನ ಕಡೇ ಸುತ್ತಿನ ಆಟಗೋಳಾಗ, ಒಟ್ಟು ಪಾಯಿಂಟ್, ರೀಬೌಂಡ್ (ಬುಟ್ಟಿ ತಪ್ಪಿ ಪುಟದ ಚೆಂಡು ಹಿಡಿಯೂದು), ಅಸಿಸ್ಟ್ (ಗೆಳ್ಯಾ ಬುಟ್ಟಿಗೆ ಹಾಕೂವಂಗ ಚೆಂಡು ಕೊಡೂದು) ಮೂರರಾಗೂ ಇವನ ಮೊದಲು. ಹಂಗ ಯಾರೂ ಮಾಡಿರಲಿಲ್ಲ.

ಇನ್ನ ನನ್ನ ಹೊಟ್ಟಿಯೊಳಗಿಂದು. ನಾನೂ ಆಡೇನ್ರಿ. ಕಾಲೇಜಿನ್ಯಾಗಿದ್ದಾಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತಂಡಕ್ಕ ಆರಿಸೂ ಮುಂದ ಬೆಳಗಾವ್ಯಾಗ ಒಂದ ಕ್ಯಾಂಪ್ ಇತ್ತು. ಮೂರನೇ ದಿನ ಕಾಕಾನ ಫೋನ್. ಎತ್ತು ಮೇವು ಬಿಟ್ಟೈತಿ, ಎದ್ದು ನಿಲ್ಲವಲ್ದು. ಆ ಎತ್ತು ಕರು ಇದ್ದಾಗಿಂದ ನನ್ನ ಕೈಯಾಗ ಬೆಳದದ್ದು. ಕ್ಯಾಂಪ್ ನಡಸಾಂವ್ರ ಹಂತೇಕ ಹೋಗಿ, "ಸರ್, ಒಂದ ದಿನಾ ಊರಿಗೆ ಹೋಗಿ ಬರ್ತೀನ್ರಿ" ಅಂದೆ. ಯಾಕ ಅಂದ್ರು. ಸುಳ್ಳು ಹೇಳಬೇಕಿತ್ತು, ಅಜ್ಜಿ ತೀರ್ಕೊಂಡಾಳ ಅಂತ. ಖರೇ ಹೇಳಿದೆ. ಎಲ್ಲಾ ಹುಡುಗ್ರ ಮುಂದ ನಕ್ಕು, "ನಿನಗ ಪ್ಯಾಶನ್ ಇಲ್ಲೋ, ಎತ್ತ ಕಾಯಾಕ ಹೋಗು" ಅಂದ್ರು. ಹೋದೆ. ಡಾಕ್ಟರ್ ಬಂದ್ರು, ಸಲೈನ್ ಹಚ್ಚಿದ್ರು, ಎತ್ತು ಎರಡನೇ ದಿನ ಎದ್ದು ನಿಂತಿತು. ನಾ ತಿರುಗಿ ಹೋಗೂದರಾಗ ಪಟ್ಟ್ಯಾಗ ನನ್ನ ಹೆಸರಿರಲಿಲ್ಲ.

ಅವರ ಹೆಸರ ಹೇಳೂದಿಲ್ಲ ನಾ, ಹೇಳಿ ಉಪಯೋಗಿಲ್ಲ. ಸಿಟ್ಟು ಅವರ ಮ್ಯಾಲೆ ಅಲ್ಲ, ಆ ಪ್ಯಾಶನ್ ಅನ್ನೂ ಶಬ್ದದ ಮ್ಯಾಲೆ. ಆಟ ಆಡಾಂವ ಆಟಾನ ಉಣ್ಣಬೇಕು, ಆಟಾನ ಹೊತ್ಕೊಂಡು ಮಲಗಬೇಕು, ಮನಿ ಮಠ ಮರೀಬೇಕು; ಇಲ್ಲಂದ್ರ ಅಂವ ಕಳ್ಳ. ಇದನ್ನ ಯಾರು ತಂದ್ರು? ನಮ್ಮ ಗರಡಿ ಮನ್ಯಾಗ ಕುಸ್ತಿ ಹಿಡಿಯಾಂವ್ರು ಮುಂಜಾನಿ ಮಣ್ಣಾಗ ಇಳದು, ಮೈ ಮುರದು, ಎಮ್ಮಿ ಹಿಂಡಾಕ ಹೋಗ್ತಿದ್ರು. ಅವರಿಗೆ ಪ್ಯಾಶನ್ ಇರಲಿಲ್ಲಂತೀರೇನು?

ಯೋಕಿಚ್ ಆಟಕ್ಕ ಕೆಲಸ ಅಂದ. ಕೆಲಸ ಅಂದ್ರ ಕೀಳಂತ ಯಾರು ಹೇಳಿದ್ರು? ಕಾಟಾದ ಮ್ಯಾಲೆ ನಾ 10 ಕೆಜಿ ತಪ್ಪು ಬರದ್ರ ಒಬ್ಬ ರೈತನ ಕಿಸೆಕ್ಕ ಕತ್ತರಿ. ಅದಕ್ಕ ನಾ ಕಾಟಾ ಪ್ರೀತಿಸಬೇಕಾಗಿಲ್ಲ, ಕಣ್ಣಾಗ ಎಣ್ಣಿ ಹಾಕ್ಕೊಂಡು ತೂಗಬೇಕು ಅಷ್ಟ. ಇಂವ 2024-25ರ ಹಂಗಾಮಿನ್ಯಾಗ ಆಟಕ್ಕ ಸರಾಸರಿ 29.6 ಪಾಯಿಂಟ್, 12.7 ರೀಬೌಂಡ್, 10.2 ಅಸಿಸ್ಟ್ ಮಾಡ್ಯಾನ. ಪ್ರೀತಿ ಇಲ್ಲದಾಂವ ಹಿಂಗ ಮಾಡ್ತಾನಂದ್ರ, ಪ್ರೀತಿ ಇದ್ದಾವ್ರು ಸ್ವಲ್ಪ ಕಡಿಮಿ ಪ್ರೀತಿ ಮಾಡಿ ನೋಡ್ರೆಪಾ.

ಹೌದು, ಒಂದ ಮಾತು ಒಪ್ಕೋಬೇಕು. 2022ರಾಗ ಇಂವ ಸಹಿ ಹಾಕಿದ ಕರಾರು ಐದು ವರ್ಷಕ್ಕ 26 ಕೋಟಿ ಡಾಲರಿಗೂ ಮ್ಯಾಲೆ. ಅಷ್ಟು ರೊಕ್ಕ ಇದ್ದಾಂವ "ಮನಿಗೆ ಹೋಗ್ತೀನಿ" ಅಂದ್ರ ಜಗತ್ತು ನಗ್ತೈತಿ, ಮುದ್ದು ಅಂತೈತಿ. ನಾ ಅಂದಾಗ ಪಟ್ಟಿಯಿಂದ ಹೆಸರು ಹೋತು. ಇದು ನನಗ ಗೊತ್ತೈತಿ, ಗೊತ್ತಿದ್ದೂ ಅವನ ಪರ ಮಾತಾಡಾಕತ್ತೀನಿ.

ಇನ್ನ ಅವನ ಸಂಸಾರ. ಕಟ್ಕೊಂಡದ್ದು ಊರಾಗಿನ ಹುಡುಗಿ, ಹೈಸ್ಕೂಲಿನಿಂದ ಗುರ್ತು. 2020ರಾಗ ಮದವಿ, 2021ರಾಗ ಮಗಳು. ಮದವಿ ಉಂಗುರ ಬಟ್ಟಿಗೆ ಹಾಕ್ಕೊಂಡು ಆಡಾಕ ಬರೂದಿಲ್ಲ. ಬ್ಯಾಗಿನ್ಯಾಗ ಇಡಬಹುದಿತ್ತು, ಇಡೂದಿಲ್ಲ. ಬೂಟಿನ ಲೇಸಿಗೆ ಪೋಣಿಸಿ ಗಂಟು ಹಾಕ್ತಾನ. ಆಟ ನಡದಷ್ಟೂ ಹೊತ್ತು ಅದು ಕಾಲ ಮ್ಯಾಲೆ ಮಿಂಚತಿರ್ತೈತಿ. ಆಟ ಮುಗದ ಮ್ಯಾಲೆ ಗಮನ ಇಟ್ಟು ನೋಡ್ರಿ. ಆ ದೊಡ್ಡ ದೇಹ ಬಗ್ಗಿ, ದಪ್ಪ ಬಟ್ಟಿಲೆ ಆ ಸಣ್ಣ ಗಂಟು ಬಿಚ್ಚಾಕ ತಿಣಕಾಡ್ತೈತಿ.

ಪ್ರೀತಿ ಇಲ್ಲ ಅನ್ನಾವ್ರು 2022ರ ವಿಡಿಯೋ ನೋಡಿಲ್ಲ. ಎರಡನೇ ಎಂವಿಪಿ ಟ್ರೋಫಿ ಕೊಡಾಕ ಅವನ ಆಗಿನ ಕೋಚ್ ಮೈಕಲ್ ಮ್ಯಾಲೋನ್, ತಂಡದ ದೊಡ್ಡ ಮಂದಿ ಸೀದಾ ಸೊಂಬೋರಿಗೆ ಹೋದ್ರು, ಇವಗ ಹೇಳದ ಹಂಗ. ಟ್ರೋಫಿ ಹಿಡ್ಕೊಂಡು ಲಾಯದ ಹಂತೇಕ ಕಾಯ್ಕೋತ ನಿಂತಾರ. ಇಂವ ಆ ಎರಡ ಗಾಲಿ ಗಾಡ್ಯಾಗ ಕುಂತು, ಕುದ್ರಿ ಓಡಿಸ್ಕೋತ ಬಂದ. ಅವರನ್ನ ನೋಡಿದ, ಕಣ್ಣು ತುಂಬಿ ಬಂದ್ವು. ಟ್ರೋಫಿ ಕುದ್ರಿ ಇದ್ದಲ್ಲಿಗೆ ನಡಕೊಂಡು ಬಂದಾಗ ಅತ್ತ ಮನಷ್ಯಾ ಅಂವ.

ಮತ್ತ ಆ ಮೆರವಣಿಗಿಗೂ ನಿಂತ, ಗೊತ್ತೇನು? ಗುರುವಾರ ಲಕ್ಷಾಂತರ ಮಂದಿ ನೋಡಿ, ಬರಬಾರ್ದಂದಿದ್ದೆ, ಈಗ ಹೋಗಾಕ ಮನಸಿಲ್ಲ ಅಂತ ಮೈಕಿನ್ಯಾಗ ಒಂದ ಬೈಗಳ ಸೇರಿಸಿ ಹೇಳಿದ. ಆಮ್ಯಾಲೆ ವಿಮಾನ ಹತ್ತಿ ಭಾನುವಾರದ ಶರ್ಯತ್ತಿಗೂ ಹೋದ. 2024ರಾಗ ಪ್ಯಾರಿಸ್ ಒಲಿಂಪಿಕ್ಸಿನ್ಯಾಗ ಸರ್ಬಿಯಾಕ್ಕ ಕಂಚು ಬಂದಾಗ ಕುಣದದ್ದು ನೋಡಿದ್ರ, ಎನ್‌ಬಿಎ ಕಪ್ಪಿನ ದಿನ ಸುಮ್ನ ಕೈ ಕುಲುಕಿದಾಂವ ಇವನೇನು ಅನಸ್ತೈತಿ.

ಅದ ವರ್ಷ ಜನವರ್ಯಾಗ ಒಂದ ಕೆಟ್ಟ ಸುದ್ದಿ. ಮೆಗಾದಾಗ ಇವನನ್ನ ಬೆಳೆಸಿದ ಆ ಮಿಲೊಯೆವಿಚ್, ಆಗ ಗೋಲ್ಡನ್ ಸ್ಟೇಟ್ ತಂಡದ ಸಹಾಯಕ ಕೋಚ್. ಊಟಕ್ಕ ಕುಂತಾಗ ಹೃದಯಾಘಾತ, ಮರುದಿನ ಹೋಗಿಬಿಟ್ಟ. 46 ವರ್ಷ. ಅದರ ಬಗ್ಗೆ ಹೆಚ್ಚ ಮಾತಾಡೂ ಮನಸಿಲ್ರಿ ನನಗ.

ನಾ ಆ ಲಾಯದ ವಿಡಿಯೋ ಹ್ವಾದ ವಾರ ಕಾಕಾಗ ತೋರಿಸಿದೆ. ಬಾಸ್ಕೆಟ್‌ಬಾಲ್ ಅಂದ್ರ ಏನಂತ ಗೊತ್ತಿಲ್ಲ ಅವಗ, ಟ್ರೋಫಿ ಕಡೆ ನೋಡಲೂ ಇಲ್ಲ. ಮೊಬೈಲ್ ಮೂಗಿನ ಹಂತೇಕ ಹಿಡ್ಕೊಂಡು, "ಹಗ್ಗ ಸಡ್ಲ ಹಿಡದಾನ, ನಂಬಿಕಿ ಐತಿ ಕುದ್ರಿ ಮ್ಯಾಲೆ" ಅಂದ. ಇನ್ನೊಮ್ಮೆ ಹಚ್ಚು ಅಂದ. ಹಚ್ಚಿದೆ. ಆಮ್ಯಾಲೆ ಕೇಳಿದ, "ಹಿಂದಿನ ಎಡಗಾಲು ಸ್ವಲ್ಪ ಎಳಿತೈತಿ ನೋಡು, ಲಾಳ ನೋಡಸ್ಬೇಕು. ಹೇಳ್ತಾರೇನು ಯಾರರ ಅವಗ?"

ಯಾರು ಹೇಳ್ತಾರ ಕಾಕಾ, ಅಂದೆ.