ಅಯಾನು ನಿಧಾನವಾದಷ್ಟೂ ಹೆಚ್ಚು ಶಕ್ತಿ ಕಳ್ಕೊಳ್ಳೋದು ಯಾಕೆ?

[ದೃಶ್ಯ: ಕತ್ತಲೆ ರೂಮು. ಗಾಜಿನ ಪೆಟ್ಟಿಗೆ, ತಳದಲ್ಲಿ ತೆಳ್ಳಗೆ ಮಂಜು.]

ನಮಸ್ಕಾರ. ಇದು ಮೈಸೂರು, ಸರಸ್ವತಿಪುರಂನ ನಮ್ಮ ಮನೆ. ಪೆಟ್ಟಿಗೆ ಕೆಳಗೆ ಡ್ರೈ ಐಸ್ ಇದೆ, ಮೇಲಿನ ಬಟ್ಟೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆಂದಿದೆ. ಮಧ್ಯದಲ್ಲಿರೋದು ಹಳೇ ಗ್ಯಾಸ್ ಲೈಟಿನ ಮ್ಯಾಂಟಲ್. ಮದುವೆ ಮೆರವಣಿಗೆಯಲ್ಲಿ ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರಲ್ಲ, ಆ ದೀಪದ್ದು. ಇದರಲ್ಲಿ ಥೋರಿಯಂ ಅನ್ನೋ ವಿಕಿರಣಶೀಲ ಲೋಹ ಇದೆ. ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು, ಮಕ್ಕಳ ಕೈಗೆ ಕೊಡಲೇಬೇಡಿ.

[ಹತ್ತಿರದ ದೃಶ್ಯ: ಮಂಜಿನಲ್ಲಿ ಬಿಳೀ ಗೆರೆ ಮೂಡಿ ಕರಗುತ್ತದೆ.]

ಅಲ್ಲಿ, ನೋಡಿದ್ರಾ! ದಪ್ಪಗೆ, ನೆಟ್ಟಗೆ, ಕೆಲವೇ ಸೆಂಟಿಮೀಟರ್. ಅದು ಥೋರಿಯಂನಿಂದ ಹಾರಿ ಬಂದ ಆಲ್ಫಾ ಕಣದ ಹೆಜ್ಜೆ, ಕಣ ಹಾದ ದಾರೀಲಿ ಆಲ್ಕೊಹಾಲ್ ಆವಿ ಹನಿಗಟ್ಟಿದೆ. ಆಲ್ಫಾ ಅಂದ್ರೆ ಎರಡೂ ಎಲೆಕ್ಟ್ರಾನ್ ಕಳಚಿಕೊಂಡಿರೋ ಹೀಲಿಯಂ ಅಯಾನು. ಅಯಾನು ಅಂದ್ರೆ ವಿದ್ಯುದಂಶ ಇರೋ ಪರಮಾಣು. ಗಾಳಿಯಲ್ಲೇ ಇಷ್ಟು ಬೇಗ ನಿಂತುಬಿಡತ್ತೆ, ಇನ್ನು ಘನವಸ್ತುವಿನಲ್ಲಿ? 5.5 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ) ಶಕ್ತಿಯ ಆಲ್ಫಾ ಸಿಲಿಕಾನ್ ಒಳಗೆ ಹೋಗೋದು ಸುಮಾರು 28 ಮೈಕ್ರಾನ್. ತಲೆಗೂದಲಿನ ದಪ್ಪವೂ ಇಲ್ಲ.

ಅದನ್ನ ತಡೆಯೋರು ಮುಖ್ಯವಾಗಿ ಎಲೆಕ್ಟ್ರಾನುಗಳು. ಆಲ್ಫಾ ಅವಕ್ಕಿಂತ ಸುಮಾರು 7,300 ಪಟ್ಟು ಭಾರ. ಮಂಡ್ಯದಲ್ಲಿ ಕಬ್ಬು ತುಂಬಿದ 15 ಟನ್ ಲಾರಿ ಬರ್ತಿದೆ, ರಸ್ತೆ ಮೇಲೆ ಎರಡು ಕೆಜಿ ಬೆಲ್ಲ ಬಿದ್ದಿದೆ ಅಂತಿಟ್ಕೊಳ್ಳಿ. ಲಾರಿ ಯಾಕೆ ಪಕ್ಕಕ್ಕೆ ಸರಿಯತ್ತೆ? ಗೆರೆ ನೆಟ್ಟಗಿರೋದು ಅದಕ್ಕೇ. ಒಂದು ಡಿಕ್ಕಿಗೆ ಹೆಚ್ಚಂದ್ರೆ 3 ಕೆಇವಿ, ಅಂದ್ರೆ ಒಂದು ಎಂಇವಿಯ ಸಾವಿರದಲ್ಲಿ ಮೂರು ಪಾಲು ಹೋಗತ್ತೆ, ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಮ್ಮಿ. ಸಾವಿರಾರು ಡಿಕ್ಕಿ ಆಗಬೇಕು.

ಈಗ ನನಗೆ ತುಂಬಾ ಇಷ್ಟದ ಭಾಗ. ಬೈಕ್ ಜೋರಾದಷ್ಟೂ ಎದುರು ಗಾಳಿ ಜಾಸ್ತಿ ತಡೆಯತ್ತೆ, ಅಲ್ವಾ? ವೇಗದ ಅಯಾನಿಗೆ ಇದು ಉಲ್ಟಾ. ಎಲೆಕ್ಟ್ರಾನಿನ ಪಕ್ಕದಲ್ಲಿ ಹಾದು ಹೋಗುವಾಗ ಅದನ್ನ ತನ್ನ ಕಡೆ ಎಳೆಯೋಕೆ ಅಯಾನಿಗೆ ಸಿಗೋದು ಕ್ಷಣಮಾತ್ರ. ವೇಗ ಅರ್ಧವಾದ್ರೆ ಆ ಹೊತ್ತು ಎರಡರಷ್ಟು, ಎಳೆತವೂ ಎರಡರಷ್ಟು, ಎಲೆಕ್ಟ್ರಾನಿಗೆ ದಾಟೋ ಶಕ್ತಿ ಹೆಚ್ಚೂಕಮ್ಮಿ ನಾಲ್ಕರಷ್ಟು! ಕಳ್ಕೊಂಡಷ್ಟೂ ನಿಧಾನ, ನಿಧಾನವಾದಷ್ಟೂ ಇನ್ನೂ ಕಳ್ಕೊಳ್ಳತ್ತೆ. ಹಾಗಾಗಿ ದಾರಿಯ ಕೊನೇ ತುದಿಯ ಹತ್ತಿರ ಶಕ್ತಿ ಸುರಿದುಬಿಡತ್ತೆ. ಭೌತವಿಜ್ಞಾನಿ ವಿಲಿಯಂ ಹೆನ್ರಿ ಬ್ರಾಗ್ ಇದನ್ನ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕಂಡ್ಕೊಂಡಿದ್ದು 1904ರ ಸುಮಾರಿಗೆ. ಕ್ವಾಂಟಂ ಲೆಕ್ಕ ಕೊಟ್ಟವರು ಹಾನ್ಸ್ ಬೇಥೆ, 1930ರಲ್ಲಿ. ಪ್ರೋಟಾನ್ ಚಿಕಿತ್ಸೆಯಲ್ಲಿ ಕ್ಯಾನ್ಸರ್ ಗಡ್ಡೆ ಇರೋ ಆಳಕ್ಕೇ ಈ ತುದಿ ಬೀಳೋ ಹಾಗೆ ಶಕ್ತಿ ಹೊಂದಿಸ್ತಾರೆ.

ಆದರೆ ಈ ಏರಿಕೆ ಕೊನೇವರೆಗೂ ಇರಲ್ಲ. ಸಿಲಿಕಾನ್‌ನಲ್ಲಿ ಆಲ್ಫಾ 1 ಎಂಇವಿಗಿಂತ ಸಾಕಷ್ಟು ಕೆಳಗಿಳಿದ ಮೇಲೆ ನಷ್ಟ ಕಮ್ಮಿಯಾಗ್ತಾ ಬರತ್ತೆ. ದಾರೀಲಿ ಎಲೆಕ್ಟ್ರಾನ್ ಹಿಡ್ಕೊಂಡು ಅದರ ವಿದ್ಯುದಂಶವೂ ಕುಗ್ಗಿರತ್ತೆ. ಇನ್ನೊಂದು ಕಾರಣ ನಮ್ಮ ಬೆಳಗ್ಗಿನ ಮಂಡ್ಯ–ಮೈಸೂರು ಬಸ್ಸಲ್ಲಿದೆ.

[ದೃಶ್ಯ: ಬಸ್ಸಿನ ಚಿತ್ರ, ಬಾಗಿಲ ಹತ್ತಿರದ ಜನಕ್ಕೆ ಬಣ್ಣ.]

ಕಿಕ್ಕಿರಿದ ಬಸ್ಸಲ್ಲಿ ಮಧ್ಯೆ ಸಿಕ್ಕೊಂಡೋರನ್ನ ಎಷ್ಟು ನೂಕಿದ್ರೂ ಅಲ್ಲಾಡಲ್ಲ, ಜಾಗವೇ ಇಲ್ಲ. ಫುಟ್‌ಬೋರ್ಡ್ ಮೇಲಿರೋರು ಮಾತ್ರ ಸರೀತಾರೆ. ಲೋಹದಲ್ಲೂ ಎಲೆಕ್ಟ್ರಾನುಗಳ ಕೆಳಗಿನ ಶಕ್ತಿ ಮಟ್ಟಗಳೆಲ್ಲ ಭರ್ತಿ. ನಿಧಾನದ ಅಯಾನು ಕೊಡೋ ಸಣ್ಣ ನೂಕನ್ನ ತಗೊಳ್ಳೋಕೆ ಮೇಲಿನ ಅಂಚಿನ ಎಲೆಕ್ಟ್ರಾನುಗಳಿಗಷ್ಟೇ ಸಾಧ್ಯ. ವೇಗ ಇಳಿದಷ್ಟೂ ನಷ್ಟ ಇಳಿಯತ್ತೆ ಅಂತ ಭೌತವಿಜ್ಞಾನಿಗಳಾದ ಫರ್ಮಿ ಮತ್ತು ಟೆಲ್ಲರ್ 1947ರಲ್ಲಿ ತೋರಿಸಿದ್ರು.

ಲಿಥಿಯಂ ಫ್ಲೋರೈಡ್‌ನಂಥ, ವಿದ್ಯುತ್ ಹರಿಯದ ನಿರೋಧಕದಲ್ಲಿ ಫುಟ್‌ಬೋರ್ಡೂ ಇಲ್ಲ, ಸೀದಾ ಬಸ್ಸಿನ ಟಾಪಿಗೇ ಹತ್ತಬೇಕು. ಸಣ್ಣ ನೂಕಿಗೆ ಅದಾಗೋ ಮಾತಲ್ಲ. ತೀರಾ ನಿಧಾನವಾದ ಪ್ರೋಟಾನು ಅಲ್ಲಿನ ಎಲೆಕ್ಟ್ರಾನುಗಳಿಗೆ ಹೆಚ್ಚೇನೂ ಕೊಡದೆ ನುಸುಳಿ ಹೋಗತ್ತೆ, ಮುಂದೆ ಪರಮಾಣು ನ್ಯೂಕ್ಲಿಯಸ್‌ಗೆ ಢಿಕ್ಕಿ ಹೊಡೆಯೋವರೆಗೆ.

[ದೃಶ್ಯ: ಮತ್ತೆ ಪೆಟ್ಟಿಗೆ. ಇನ್ನೊಂದು ಗೆರೆ.]